ರೆಕ್ಕೆಗೆ ಹೊಲಿದ ಕೌದಿ

ಬಸವ್ವ ನಿಜ ಹೇಳಿದಳು. ಅದನ್ನು ಇಂಗ್ಲಿಷಿನಲ್ಲಿ ಸಾಹೇಬರಿಗೆ ತಿಳಿಸಬೇಕಾಗಿದ್ದವನು ನಾನು. ನಾನು ಬೇರೆಯದನ್ನೇ ತಿಳಿಸಿದೆ. ಶಿಗ್ಗಾವಿಯ ಬಂಗಲೆಯಲ್ಲಿ, ಹಾಡಹಗಲಲ್ಲಿ, ಆಕೆ ನನ್ನಿಂದ ಒಂದು ಮಾರು ದೂರದಲ್ಲಿ ಸೆರಗು ಹೊದ್ದು ನಿಂತಿರುವಾಗಲೇ. ಎರಡು ಜೀವ ಹೋದ ಅಪಘಾತದ ಹೊಣೆಯನ್ನು ನನ್ನ ತಲೆಯಿಂದ ಇಳಿಸಿ ಆಕೆಯ ತಲೆಗೆ ಕಟ್ಟಿದೆ. ಆಕೆಗೆ ಇಂಗ್ಲಿಷು ಬರುತ್ತಿರಲಿಲ್ಲ. ನಾನು ಮಾತು ಮುಗಿಸಿದ ಮೇಲೆ ನನಗೆ ಕೈಮುಗಿದಳು — ತನ್ನ ಮಾತನ್ನು ಮುಟ್ಟಿಸಿದೆನೆಂದು ತಿಳಿದು.

ಅದು ನೆನಪಾದಾಗ ನನಗೆ ಅಳು ಬರುವುದಿಲ್ಲ. ಸಿಟ್ಟು ಬರುತ್ತದೆ. ಮೊದಲು ನನ್ನ ಮೇಲೆ, ಆಮೇಲೆ ಇನ್ನೂ ಹಲವರ ಮೇಲೆ. ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಅವರ ಮೇಲಿನ ಸಿಟ್ಟಿನಿಂದ ನನ್ನ ತಪ್ಪು ಎಳ್ಳಷ್ಟೂ ಹಗುರಾಗುವುದಿಲ್ಲ, ಓದುವವರು ಹಾಗೆ ತಿಳಿಯಬಾರದು.

ನಾನು ಸವಣೂರಿನವನು. ವೈಷ್ಣವರ ಮನೆ, ತಂದೆ ಸಂಸ್ಕೃತ ಪಾಠ ಹೇಳುತ್ತಿದ್ದರು. ನಾನು ಧಾರವಾಡದಲ್ಲಿ ಇಂಗ್ಲಿಷು ಓದಿ, ಮುಂಬಯಿಗೆ ಹೋಗಿ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ನೌಕರಿ ಹಿಡಿದೆ. ಇದು ಯುದ್ಧಕ್ಕೆ ಮುಂಚಿನ ಮಾತು. ಟಪಾಲಿನ ಚೀಲಗಳನ್ನೂ ಒಬ್ಬಿಬ್ಬರು ಪ್ರಯಾಣಿಕರನ್ನೂ ಹೊತ್ತು ದಕ್ಷಿಣಕ್ಕೆ ಹೋಗುತ್ತಿದ್ದ ಆ ಕಂಪನಿಯ ವಿಮಾನಗಳು ಪೆಟ್ರೋಲಿಗೆಂದು ಬಂಕಾಪುರದ ಹತ್ತಿರದ ಒಂದು ಬಯಲಿನಲ್ಲಿ ಇಳಿಯುತ್ತಿದ್ದವು. ಅಲ್ಲಿದ್ದದ್ದು ಒಂದು ತಗಡಿನ ಶೆಡ್ಡು, ಒಬ್ಬ ಕಾವಲುಗಾರ, ಮೇಲ್ವಿಚಾರಕನೆಂಬ ನಾನು. ಮನೆಗೆ ಹತ್ತಿರವೆಂದು ಆ ಜಾಗವನ್ನು ನಾನೇ ಕೇಳಿ ಪಡೆದಿದ್ದೆ. ಹ್ಯಾಟು ಹಾಕಿಕೊಂಡು ತಿರುಗುತ್ತಿದ್ದೆ. ಸವಣೂರಿಗೆ ಬಂದಾಗ ಮಾತ್ರ ಅದು ಚೀಲದೊಳಗೆ ಹೋಗುತ್ತಿತ್ತು.

ಆಗಿನ ಆ ವಿಮಾನಗಳ ರೆಕ್ಕೆ ಲೋಹದ್ದಾಗಿರಲಿಲ್ಲ. ಒಳಗೆ ಕಟ್ಟಿಗೆಯ ಪಕ್ಕೆಗಳು, ಮೇಲೆ ನಾರುಬಟ್ಟೆ, ಬಟ್ಟೆ ಬಿಗಿಯಲೆಂದು ಬಳಿದ ಮದ್ದು — ಇಷ್ಟೇ. ಮಳೆಗಾಲ ಕಳೆಯುವಷ್ಟರಲ್ಲಿ ಬಟ್ಟೆ ಕೊಳೆಯುತ್ತಿತ್ತು. ಬೇರೆಲ್ಲೋ ಒಂದು ವಿಮಾನದ ರೆಕ್ಕೆಯ ಬಟ್ಟೆ ಹಾರುತ್ತಿರುವಾಗಲೇ ಹರಿದುಹೋಯಿತೆಂದು ಎಲ್ಲ ಶೆಡ್ಡುಗಳಿಗೂ ಹುಕುಮು ಬಂತು. ಕೆಳರೆಕ್ಕೆಯ ಹಳೆಯ ಬಟ್ಟೆಯನ್ನು ಪೂರ್ತಿ ಕೀಳಬೇಕು. ಪಕ್ಕೆಗಳನ್ನು ಬರಿದು ಮಾಡಿ ನೋಡಬೇಕು. ಹೊಸ ಬಟ್ಟೆಯನ್ನು ಒಂದೊಂದು ಪಕ್ಕೆಗೂ ದಾರ ಸುತ್ತಿ ಹೊಲಿಯಬೇಕು. ಹೊಲಿಯುವಷ್ಟು ಹೊತ್ತೂ ಮೇಲ್ವಿಚಾರಕ ಎದುರಿಗಿರಬೇಕು. ಇದೆಲ್ಲ ಆಗುವ ತನಕ ವಿಮಾನ ಹಾರಕೂಡದು. ಇದರಲ್ಲಿ ತಿಳಿಯದ್ದು ಏನಿತ್ತು? ಆ ಹೊಲಿಗೆಯನ್ನು ಕಲಿಸಲೆಂದೇ ಕಂಪನಿ ನನ್ನನ್ನು ಆರು ತಿಂಗಳು ಮುಂಬಯಿಯಲ್ಲಿ ಇಟ್ಟುಕೊಂಡಿತ್ತು.

ನಮ್ಮ ಶೆಡ್ಡಿನಲ್ಲಿ ಒಂದು ವಿಮಾನ ನಿಂತಿತ್ತು. ಹೊಲಿಯುವವರನ್ನು ಕಳಿಸಿರೆಂದು ಮುಂಬಯಿಗೆ ತಂತಿ ಹೊಡೆದೆ. ಅಲ್ಲೇ ಯಾರನ್ನಾದರೂ ನೋಡಿಕೋ ಎಂದು ಉತ್ತರ ಬಂತು. ಹಳ್ಳಿಯ ಸೂಜಿ ಸಾಕು ಎಂದವರು ಅವರೇ, ಮುಂದೆ ತಪ್ಪೆಲ್ಲ ಹಳ್ಳಿಯ ಸೂಜಿಯದು ಎಂದವರೂ ಅವರೇ — ಇರಲಿ, ಅವರ ಮಾತು ಆಮೇಲೆ.

ನಾನು ಹಿರೇಬೆಂಡಿಗೇರಿಯ ಬಸವ್ವನನ್ನು ಕರೆಸಿದೆ. ಒಕ್ಕಲುತನದ ಮನೆಯ ಹೆಂಗಸು; ಹೊಲದ ಕೆಲಸ ಮುಗಿದ ಮೇಲೆ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಆಕೆ ಹಾಕುವ ಸಾಲು ಹೊಲಿಗೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಗಿತ್ತು. ಗಂಡನ ಮನೆಗೆ ಹೊರಟ ಹುಡುಗಿಯ ಗಂಟಿನಲ್ಲಿ ಬಸವ್ವನ ಕೌದಿ ಇರಬೇಕು. ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದೂ ಅದರ ಮೇಲೆಯೇ. ಆ ಹೆಸರೇ ಆಕೆಯ ಮರ್ಯಾದೆ, ಆಕೆ ತಲೆಯೆತ್ತಿ ನಡೆಯುತ್ತಿದ್ದದ್ದು ಅದರಿಂದ. ತಂಗಿಯನ್ನು ಜೊತೆಗೆ ಕರೆದುಕೊಂಡು ಶೆಡ್ಡಿಗೆ ಬಂದಳು. ರೆಕ್ಕೆಯನ್ನು ನೋಡಿ ಅಕ್ಕತಂಗಿಯರು ಬಾಯಿಗೆ ಸೆರಗು ಹಿಡಿದು ನಕ್ಕರು. ಇಷ್ಟು ದೊಡ್ಡ ಕೌದಿಯನ್ನು ಅವರು ಎಂದೂ ಕಂಡಿರಲಿಲ್ಲ.

ಎದುರಿಗೆ ಕುಳಿತು ಪಕ್ಕೆಯ ಹೊಲಿಗೆ ತೋರಿಸಿಕೊಡಬೇಕಾಗಿತ್ತು. ತೋರಿಸಲಿಲ್ಲ. ಮರುದಿನ ನನ್ನ ತಂದೆಯ ಶ್ರಾದ್ಧ. ಸಂಜೆಯ ಸರ್ವೀಸ್ ಮೋಟಾರು ತಪ್ಪಿದರೆ ಸವಣೂರು ಮುಟ್ಟುವಂತಿರಲಿಲ್ಲ. ಕಂಪನಿಗೆ ತಿಳಿಸಿದರೆ ರಜೆ ಕೊಡುತ್ತಿರಲಿಲ್ಲ, ತಿಳಿಸಲಿಲ್ಲ. ನಾನು ಬರುವ ತನಕ ಕೈಕಟ್ಟಿ ಕೂತಿರಿ ಎನ್ನಬಹುದಿತ್ತು, ಆದರೆ ವಿಮಾನ ಒಯ್ಯಲು ವೈಮಾನಿಕ ಬರುವ ದಿನ ಗೊತ್ತಾಗಿಹೋಗಿತ್ತು. ಹಳೆಯದನ್ನು ಕಿತ್ತು ಹೊಸದು ಹಾಕಿ ಎಂದು ಬಾಗಿಲಲ್ಲಿ ನಿಂತೇ ಹೇಳಿ ಹೊರಟುಬಿಟ್ಟೆ.

ಮರುದಿನ ಬಸವ್ವ ಸವಣೂರಿಗೇ ಬಂದಳು. ಎಲೆಬಳ್ಳಿಯ ತೋಟಕ್ಕೆ ಹೊರಟಿದ್ದ ಯಾರದೋ ಚಕ್ಕಡಿ ಹತ್ತಿ, ಮನೆ ಕೇಳಿಕೊಂಡು, ನೆತ್ತಿ ಸುಡುವ ಹೊತ್ತಿಗೆ ನಮ್ಮ ಬಾಗಿಲ ಮುಂದೆ ಬಂದು ನಿಂತಳು. ನಾನು ಒದ್ದೆ ಮಡಿಯುಟ್ಟು ನಡುಮನೆಯಲ್ಲಿದ್ದೆ. ಬ್ರಾಹ್ಮಣರು ಎಲೆಗೆ ಕೂಡುವ ಹೊತ್ತು. ನನ್ನ ಸೋದರತ್ತೆ ಹೊಸ್ತಿಲಿಗೆ ಹೋಗಿ, "ಅವ ಮಡೀಲೆ ಇದ್ದಾನವಾ, ಬ್ರಾಹ್ಮಣರ ಊಟ ಆಗೂತನಾ ಯಾರ ಜೋಡಿನೂ ಮಾತಾಡೂದಿಲ್ಲ" ಎಂದಳು.

ಬಸವ್ವ ಬೀದಿಯಲ್ಲೇ ನಿಂತು ಕೇಳಿದಳು: "ಒಂದ ಮಾತು ಕೇಳಿ ಹೋಗ್ತೇನ್ರಿ. ರಾಯರ, ಹಳೀ ಅರಿವಿ ಪೂರಾ ಕೀಳಬೇಕೇನ್ರಿ? ಕೌದ್ಯಾಗ ನಾವು ಹಳೇದನ್ನ ಕೀಳೂದಿಲ್ರಿ. ಹಳೇದು ಇದ್ರ ಹೊಸಾದಕ್ಕ ಹಿಡಿತ ಇರತೈತಿ. ಕಿತ್ತ ಮ್ಯಾಲ ಆ ಕಟಗೀಗೆ ಹೆಂಗ ಹೊಲೀಬೇಕು, ನಮಗ ತಿಳೀವಲ್ದು."

ಆಕೆ ಕೇಳಿದ್ದು ಸರಿಯಾದದ್ದನ್ನೇ. ತನಗೆ ಗೊತ್ತಿಲ್ಲ ಎಂದು ಹೇಳಲು ಅಷ್ಟು ದೂರ ಬಂದಿದ್ದಳು. ಕೌದಿಯಲ್ಲಿ ಹೊಸ ಬಟ್ಟೆಯನ್ನು ಹಿಡಿದಿಡುವುದು ಕೆಳಗಿನ ಹಳೆಯ ಬಟ್ಟೆ. ರೆಕ್ಕೆಯಲ್ಲಿ ಆ ಹಳೆಯ ಬಟ್ಟೆಯೇ ಕೊಳೆತದ್ದು. ಇದು ನನಗೆ ಗೊತ್ತಿತ್ತು. ನಾಳೆಯ ತನಕ ತಡೆ ಎಂದರೆ ಮುಗಿಯುತ್ತಿತ್ತು. ಆದರೆ ಒಳಗೆ ಬ್ರಾಹ್ಮಣರು ಕಾದಿದ್ದಾರೆ, ಅತ್ತೆ ಕಣ್ಣು ಕೆಕ್ಕರಿಸುತ್ತಿದ್ದಾಳೆ, ಬೀದಿಯಲ್ಲಿ ನೆರೆಯವರು ನೋಡುತ್ತಿದ್ದಾರೆ — ನನಗೆ ಆಕೆ ಅಲ್ಲಿಂದ ಹೋದರೆ ಸಾಕಾಗಿತ್ತು.

"ಕೌದಿ ಹ್ಯಾಂಗ ಹೊಲಿತೀ ಹಾಂಗ ಹೊಲಿ. ಹೋಗು" ಎಂದೆ.

ಮಡಿಯಲ್ಲಿ ಬಾಯಿ ಬಿಟ್ಟೆನೆಂದು ಅತ್ತೆ ನನ್ನನ್ನು ಬಾವಿಗೆ ಕಳಿಸಿ ಮತ್ತೆ ಮೀಯಿಸಿದಳು. ಆ ಮಾತಿನ ದೋಷ ಎರಡು ಕೊಡ ನೀರಿನಲ್ಲಿ ಹೋಯಿತೆಂದು ನಾವಿಬ್ಬರೂ ನಂಬಿದೆವು. ಎಂಥ ಮಡಿ ಅದು — ಹೆಂಗಸೊಬ್ಬಳು ಬಿಸಿಲಲ್ಲಿ ನಿಂತು ಎರಡು ಜೀವದ ಮಾತು ಕೇಳುತ್ತಿದ್ದರೆ, ನಾವು ಒದ್ದೆ ಪಂಚೆ ಎಲ್ಲಿ ಮೈಲಿಗೆಯಾದೀತೆಂದು ನೋಡಿಕೊಳ್ಳುತ್ತಿದ್ದೆವು.

ನಾನು ಬಂಕಾಪುರಕ್ಕೆ ಮರಳಿದಾಗ ಕೆಲಸ ಮುಗಿದಿತ್ತು. ಕಾವಲುಗಾರ ಮದ್ದು ಬಳಿದು ಒಣಗಿಸಿದ್ದ. ರೆಕ್ಕೆ ಬಿಗಿಯಾಗಿ, ಬೆಳ್ಳಗೆ, ನೋಡಲು ಚೆಂದವಾಗಿತ್ತು. ಆದರೆ ಹತ್ತಿರ ಬಗ್ಗಿದರೆ, ಹಳೆಯ ಬಟ್ಟೆಯ ಮೇಲೆಯೇ ಹೊಸದನ್ನು ಹಾಸಿ ಹೊಲಿದ ಕೌದಿಯ ಸಾಲುಗಳು ಎದ್ದು ಕಾಣುತ್ತಿದ್ದವು. ಪಕ್ಕೆಗೆ ಸುತ್ತಿದ ದಾರ ಒಂದೂ ಇರಲಿಲ್ಲ. ಎಲ್ಲವನ್ನೂ ಕಿತ್ತೊಗೆಯಬೇಕಾಗಿತ್ತು. ಕಿತ್ತರೆ ಬೇರೆ ಬಟ್ಟೆ ಮುಂಬಯಿಯಿಂದ ಬರಬೇಕು, ಯಾಕೆಂದು ಅವರು ಕೇಳುತ್ತಾರೆ, ಆ ದಿನ ನಾನು ಶೆಡ್ಡಿನಲ್ಲಿ ಇರಲಿಲ್ಲವೆಂಬುದು ಹೊರಬೀಳುತ್ತದೆ. ನೌಕರಿ ಹೋಗುತ್ತದೆ. ಇಷ್ಟೇ ನನ್ನ ಲೆಕ್ಕಾಚಾರ. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದೀತೆಂದು ವರ್ಷಗಟ್ಟಲೆ ಹುಡುಕಿದ್ದೇನೆ. ಇಲ್ಲ.

ವೈಮಾನಿಕ ನನಗಿಂತ ಚಿಕ್ಕವನು, ಮುಂಬಯಿಯ ಹುಡುಗ. ರೆಕ್ಕೆಯನ್ನು ಅಂಗೈಯಿಂದ ತಟ್ಟಿ, ಹಳೆಯದೆಲ್ಲ ಕಿತ್ತು ಹಾಕಿದ್ದೀರಲ್ಲ ಎಂದು ಹಿಂದೂಸ್ತಾನಿಯಲ್ಲಿ ಕೇಳಿದ. ಹೌದು ಎಂದೆ. ಅವನು ನಂಬಿದ. ನಂಬದೆ ಏನು ಮಾಡಿಯಾನು — ನಂಬಿಸುವುದೇ ನನ್ನ ಕೆಲಸವಾಗಿತ್ತು.

ಕೆಲವು ವಾರ ವಿಮಾನ ಹಾರಿತು. ಹಾರಿದಷ್ಟು ಸಲ ನಾನು ಉಸಿರು ಬಿಟ್ಟೆ. ಆಮೇಲೆ ಅದೂ ಮರೆತೆ. ಒಂದು ದಿನ ಗಾಳಿಮಳೆಯಲ್ಲಿ ಹಾನಗಲ್ಲಿನ ಮೇಲೆ ಹಾಯ್ದು ದಕ್ಷಿಣಕ್ಕೆ ಹೊರಟದ್ದು ಹಿರೇಕೆರೂರು ಮುಟ್ಟಲಿಲ್ಲ. ರಟ್ಟೀಹಳ್ಳಿಯ ಕಡೆಯ ಜೋಳದ ಹೊಲದಲ್ಲಿ ಬಿತ್ತು. ಆ ಹುಡುಗನೂ ಸತ್ತ, ಒಬ್ಬ ಪ್ರಯಾಣಿಕನೂ ಸತ್ತ. ನಾನು ಹೋಗಿ ನೋಡಿದೆ. ರೆಕ್ಕೆಯಿಂದ ಕಿತ್ತುಹೋದ ಬಟ್ಟೆ ಒಂದು ಹೊಲದಾಚೆ ಬೆಳೆಯ ಮೇಲೆ ಬಿದ್ದಿತ್ತು — ಹಳೆಯದು, ಹೊಸದು, ಎರಡೂ ಕೂಡಿಯೇ. ಬಸವ್ವನ ಹೊಲಿಗೆ ಒಂದೂ ಬಿಚ್ಚಿರಲಿಲ್ಲ.

ಮುಂಬಯಿಯಿಂದ ಇಬ್ಬರು ಸಾಹೇಬರು ಬಂದು ಶಿಗ್ಗಾವಿಯಲ್ಲಿ ವಿಚಾರಣೆಗೆ ಕುಳಿತರು. ಬಸವ್ವನನ್ನು ಕರೆಸಿದರು. ಕನ್ನಡವೂ ಇಂಗ್ಲಿಷೂ ಬರುವವನು ಅಲ್ಲಿ ನಾನೊಬ್ಬನೇ. ನೀನೇ ಕೇಳಿ ಹೇಳು ಎಂದರು. ಯಾರ ಮೇಲೆ ತಪ್ಪು ಬರಬಹುದೋ ಅವನ ಬಾಯಿಂದಲೇ ಸಾಕ್ಷಿ ಕೇಳಿದ ಆ ಜಾಣರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ಬಾಯಿ ನನ್ನದು.

"ನಾ ಸವಣೂರಿಗೆ ಹೋಗಿ ರಾಯರನ್ನ ಕೇಳೇನ್ರಿ" ಎಂದಳು ಬಸವ್ವ. "ಕೌದಿ ಹೊಲಿದಂಗ ಹೊಲಿ ಅಂದ್ರು. ಹಂಗ ಹೊಲಿದೇನಿ. ತಪ್ಪಾಗಿದ್ರ ಹೇಳ್ರಿ."

ನಾನು ಸಾಹೇಬರ ಕಡೆ ತಿರುಗಿ ಹೇಳಿದೆ: ಹಳೆಯ ಬಟ್ಟೆ ಕೀಳಬೇಕೆಂದು ಈಕೆಗೆ ತಿಳಿಸಲಾಗಿತ್ತು. ಈಕೆ ಸೋಮಾರಿತನದಿಂದ ಕೀಳಲಿಲ್ಲ. ಯಾರನ್ನೂ ಕೇಳಲಿಲ್ಲ. ತಪ್ಪಾಯಿತು ಎನ್ನುತ್ತಿದ್ದಾಳೆ.

ಸೋಮಾರಿತನ ಎಂಬ ಶಬ್ದ ಎಲ್ಲಿಂದ ಬಂತೋ ತಿಳಿಯದು. ಅದನ್ನು ಸೇರಿಸುವ ಅಗತ್ಯವೇ ಇರಲಿಲ್ಲ. ಸಾಹೇಬರ ಮುಖ ಸಡಿಲಾಯಿತು. ಅವರಿಗೂ ಇಂಥದೇ ಒಂದು ಉತ್ತರ ಬೇಕಾಗಿತ್ತು. ಕೌದಿ ಹೊಲಿಯುವ ಹೆಂಗಸು ವಿಮಾನದ ರೆಕ್ಕೆಗೆ ಬಂದದ್ದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಆಕೆಯನ್ನು ಬೈದು ಕಳಿಸಿದರು. ಬೈಗುಳವನ್ನೂ ನಾನು ಕನ್ನಡಕ್ಕೆ ತಿರುಗಿಸಲಿಲ್ಲ, "ಆತು, ಹೋಗಬೇಕಂತ" ಎಂದಷ್ಟೇ ಹೇಳಿದೆ. ಆಗಲೇ ಆಕೆ ಕೈಮುಗಿದದ್ದು.

ಮನೆಗೆ ಬಂದು ಅತ್ತೆಯ ಮುಂದೆ ಹೇಳಿದೆ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡವಳು ಆಕೆ. "ಆದದ್ದು ಆತು. ನೀ ಪಾರಾದೀ, ಅಷ್ಟ ಸಾಕು" ಎಂದು ತಟ್ಟೆ ಹಾಕಿದಳು. ನಾನು ಉಂಡೆ.

ವಿಚಾರಣೆಯ ತೀರ್ಮಾನ ಊರೂರಿಗೆ ಹಬ್ಬಿತು. ಬಸವ್ವನೇ ಒಪ್ಪಿಕೊಂಡಳಂತೆ ಎಂದು ಜನ ಆಡಿಕೊಂಡರು. ಆಕೆಯ ಸೂಜಿ ತಾಗಿದ್ದು ಬಾಳುವುದಿಲ್ಲ ಎಂದರು. ಮದುವೆಗೆ ಹೊಲಿಸಿದ್ದ ಕೌದಿಗಳನ್ನು ಅಂಗಳದಲ್ಲಿ ತಂದೊಗೆದು ಹೋದರು. ತೊಟ್ಟಿಲಲ್ಲಿ ಹಾಸಿದ್ದನ್ನು ಎಳೆದು ಎತ್ತಿನ ಮೈಗೆ ಹೊದಿಸಿದರು. ಅಂದು ಜೊತೆಗೆ ಹೊಲಿದ ಒಡಹುಟ್ಟಿದ ತಂಗಿ ತನ್ನ ಮೊಮ್ಮಗುವಿಗೆ ಬೇರೆ ಊರಿನಿಂದ ಕೌದಿ ತರಿಸಿದಳು. ಹೇಡಿಗಳು ಎಂದು ಆ ಜನರನ್ನು ಬಯ್ಯಬೇಕೆನಿಸುತ್ತದೆ. ಬಯ್ಯುವ ಬಾಯಿ ನನಗಿದೆಯೇ?

ಕಂಪನಿ ನನ್ನನ್ನು ಮುಂಬಯಿಗೆ ಕರೆಸಿಕೊಂಡಿತು, ಮೇಲಿನ ಜಾಗಕ್ಕೆ. ಯುದ್ಧ ಬಂತು, ಹೋಯಿತು, ಕಂಪನಿ ಮುಚ್ಚಿತು. ಬಂಕಾಪುರದ ಆ ಬಯಲಿನಲ್ಲಿ ಈಗ ದನ ಮೇಯುತ್ತವೆ. ನಾನು ಸವಣೂರಿನಲ್ಲಿ ಮಕ್ಕಳಿಗೆ ಇಂಗ್ಲಿಷು ಹೇಳಿಕೊಡುತ್ತೇನೆ. ಕನ್ನಡದ ವಾಕ್ಯವನ್ನು ಇಂಗ್ಲಿಷಿಗೆ ತಪ್ಪಿಲ್ಲದೆ ತಿರುಗಿಸುವುದು ಹೇಗೆಂದು — ನಾನು ಕಲಿಸುತ್ತೇನೆ.

ಕಳೆದ ತಿಂಗಳು ಹಿರೇಬೆಂಡಿಗೇರಿಗೆ ಹೋದೆ. ಬಸವ್ವ ಅಂಗಳದಲ್ಲಿ ಕೂತು ಯಾರದೋ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು; ಈಗ ಆಕೆಗೆ ಕೂಲಿಯ ಕೆಲಸ. ಗುರುತು ಹಿಡಿದಳು. ಕೂಡ್ರಿ ಎನ್ನಲಿಲ್ಲ. ನಾನು ನಿಂತೇ ಹೇಳಿದೆ: "ಬಸವ್ವ, ಅವತ್ತ ಬಂಗ್ಲೇದಾಗ ನೀ ಹೇಳಿದ್ದನ್ನ ನಾ ಸಾಹೇಬರಿಗೆ ಹೇಳಲಿಲ್ಲ. ಸುಳ್ಳು ಹೇಳಿದೆ."

"ಗೊತ್ತೈತ್ರಿ" ಎಂದಳು, ಕೈ ನಿಲ್ಲಿಸದೆ.

"ನನ್ನಿಂದ ಭಾಳ ತಪ್ಪಾತು."

ಆಗ ತಲೆಯೆತ್ತಿದಳು. ಆಕೆಯ ಕಣ್ಣಲ್ಲಿ ಸಿಟ್ಟಿತ್ತು, ನನ್ನದಕ್ಕಿಂತ ಹಳೆಯದು. "ನನಗ್ಯಾಕ ಹೇಳ್ತೀರಿ ರಾಯರ? ನಾ ಕೇಳಿದ್ದು, ನೀವು ಅಂದಿದ್ದು ನನಗ ಗೊತ್ತಿದ್ದದ್ದ ಐತಿ. ಗೊತ್ತಿಲ್ಲದವರಿಗೆ ಹೇಳ್ರಿ. ಅಗಸ್ಯಾಗ ಕುಂತಾರ ನೋಡ್ರಿ."

ಅಲ್ಲಿಂದ ಹೊರಟು ಬಂದೆ. ಊರ ಹೆಬ್ಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಏಳೆಂಟು ಜನ ಹಿರಿಯರು ಕೂತಿದ್ದರು. "ಯಾರ ಮನಿಗೆ ಬಂದಿದ್ರಿ, ಆಚಾರ್ರ?" ಎಂದು ಒಬ್ಬರು ಮರ್ಯಾದೆಯಿಂದಲೇ ಕೇಳಿದರು. ಬಸವ್ವನ ಅಂಗಳ ಅಲ್ಲಿಂದ ಕಾಣುತ್ತಿತ್ತು. ಆಕೆ ಇತ್ತಲೇ ನೋಡುತ್ತಿದ್ದಳು.

"ಮೆಣಸಿನಕಾಯಿ ಧಾರಣಿ ಕೇಳಲಿಕ್ಕೆ ಬಂದಿದ್ದೆ" ಎಂದೆ.

ಇಷ್ಟು ವರ್ಷಗಳ ಮೇಲೆ, ಯಾರೂ ನನ್ನನ್ನು ಏನೂ ಮಾಡದಿರುವಾಗ, ಮತ್ತೆ ಸುಳ್ಳು. ಆಗ ನೌಕರಿಯ ಭಯವಿತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇದಕ್ಕೆ ಯಾವ ಭಯ? ದಾರಿಯುದ್ದಕ್ಕೂ ನನ್ನನ್ನು ನಾನೇ ಹೊಡೆದುಕೊಳ್ಳಬೇಕು ಎನ್ನಿಸುವಷ್ಟು ಸಿಟ್ಟು ಬಂತು. ಮನೆ ಮುಟ್ಟಿದವನೇ ಇದನ್ನು ಬರೆಯಲು ಕೂತೆ. ಬರೆದದ್ದರಿಂದ ಬಸವ್ವನಿಗೆ ಏನೂ ಆಗುವುದಿಲ್ಲ. ಹಿರೇಬೆಂಡಿಗೇರಿಯ ಅಗಸಿಯಲ್ಲಿ ಕೂಡುವವರು ಇದನ್ನು ಓದುವವರಲ್ಲ.

ಬರುವ ಸೋಮವಾರ ಮತ್ತೆ ಹೋಗುತ್ತೇನೆ. ಈ ಸಲ ಆಕೆಯ ಮನೆಯ ತನಕ ಹೋಗುವುದಿಲ್ಲ. ಅಲ್ಲಿ ನಾನು ಹೇಳಬೇಕಾದದ್ದು ಏನೂ ಉಳಿದಿಲ್ಲ. ಅಗಸಿಯಲ್ಲೇ ನಿಲ್ಲುತ್ತೇನೆ. ಯಾರ ಮನೆಗೆ ಬಂದಿರಿ ಎಂದು ಅವರು ಕೇಳಲಿ, ಕೇಳದಿರಲಿ — ಆಕೆಯ ಅಂಗಳಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ, ಆಕೆಗೆ ತಿಳಿಯುವ ಕನ್ನಡದಲ್ಲಿ ಹೇಳುತ್ತೇನೆ.