ಅವ್ವನ ಸೆರಗಿನಲ್ಲಿ ಸಿಸ್ಟರ ಉಡಿ

ಸಿಸ್ಟರ್ ತೊಡುತ್ತಿದ್ದ ಬಿಳಿ ನಿಲುವಂಗಿಯ ಸೊಂಟದ ಹತ್ತಿರ ಯಾವಾಗ ನೋಡಿದರೂ ಒಂದು ಅರಿಶಿನದ ಕೈಗುರುತು. ಎಷ್ಟು ಒಗೆದರೂ ಹೋಗದ್ದು. ಅದು ನಮ್ಮವ್ವನ ಕೈ. ಒಲೆಯ ಮುಂದಿನಿಂದ ಏಳುವಾಗ ಆಸರೆಗೆಂದು ಹಿಡಿದದ್ದು. ತವರಿಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗಿ ಹೊಟ್ಟೆಯೊಳಗೆ ಚುರ್ ಅನ್ನುತ್ತಿತ್ತು.

ಸಿಸ್ಟರ್ ಕೇರಳದ ಯಾವುದೋ ಬೆಟ್ಟದೂರಿನ ಕ್ರೈಸ್ತ ಸನ್ಯಾಸಿನಿ. ಕರೋಶಿ ಹಾದಿಯಲ್ಲಿರುವ ನಮ್ಮೂರಲ್ಲಿ ಮಿಶನ್ ದವಾಖಾನೆ ಆದಾಗ ನರ್ಸಾಗಿ ಬಂದರು. ಸಕ್ಕರೆ ಕಾಯಿಲೆಯಿಂದ ಅವ್ವನ ಕಾಲಿಗೆ ಹುಣ್ಣಾಗಿತ್ತು. ಪಟ್ಟಿ ಕಟ್ಟಲು ಬಂದವರು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ಕಲಿತರು. ಕನ್ನಡ ಕಲಿತದ್ದೂ ಅಲ್ಲೇ. ಹಾಗಾಗಿ ಅವರ ಬಾಯಲ್ಲಿ ಅವ್ವನದೇ ಎಳೆತ, ಅವ್ವನದೇ ಬೈಗುಳ.

"ಮಗಳು ಐನಾಪುರಕ್ಕ ಗಂಡನ ಮನಿಗಿ ಹ್ವಾದ್ಲು, ಈಕಿ ಕೇರಳದಿಂದ ಬಂದ್ಲು. ದೇವ್ರು ಹೊಳ್ಳಿ ಕೊಟ್ಟಾನ" ಎಂದು ಅವ್ವ ನನ್ನೆದುರಿಗೇ ಅನ್ನುತ್ತಿದ್ದಳು.

ಒಮ್ಮೆ ಸಿಸ್ಟರನ್ನು ಕೆಣಕಿದೆ: "ಧರ್ಮ ಹೇಳಾಕ ಬಂದವ್ರು ನೀವು. ಯೇಸುವಿನ ಮಾತ ತಗಿಯಂಗಿಲ್ಲಲ್ರಿ?"

"ಎಲ್ಲಿ ಅಕ್ಕಾ, ನಿಮ್ಮವ್ವ ನನಗ ಬಾಯಿ ತಗಿಯಾಕ ಬಿಟ್ರ ಅಲ್ಲೇನ!"

ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಮಾತಿಗೆ ಹಾಗೆ ಎಂದೂ ನಕ್ಕವಳಲ್ಲ.

ಆಮೇಲೆ ಸಿಸ್ಟರಿಗೆ ಜರ್ಮನಿಗೆ ಹೋಗಲು ಅಪ್ಪಣೆ ಬಂತು. ಅಲ್ಲಿ ಸಿಸ್ಟರ್ ಆಗುವ ಹುಡುಗಿಯರೇ ಇಲ್ಲವಂತೆ. ಅವರ ವೃದ್ಧಾಶ್ರಮದ ಮುದುಕಿಯರನ್ನು ನೋಡಲು ಇಲ್ಲಿಂದಲೇ ಹೋಗಬೇಕಂತೆ. "ಮೊದ್ಲ ಅವ್ರು ಇಲ್ಲಿಗಿ ಬರ್ತಿದ್ರು, ಈಗ ನಮ್ಮವ್ರನ್ನ ಒಯ್ಯಾಕತ್ತಾರ" ಎಂದು ಅವ್ವ ಗೊಣಗಿದಳು. ನನಗೆ ಒಳಗೊಳಗೇ ಹಬ್ಬ.

ಆದರೆ ಅವ್ವ ಉಡಿ ತುಂಬಿಯೇ ಕಳಿಸುವೆನೆಂದು ಹಟ ಹಿಡಿದಳು. ಅಕ್ಕಿ, ಕೊಬ್ಬರಿ, ಅರಿಶಿನಬೇರು, ಕುಪ್ಪಸದ ಖಣ. ಆ ಮನೆಯಲ್ಲಿ ಉಡಿ ಎಂದರೆ ನನ್ನದು, ಗಂಡನ ಮನೆಗೆ ಹೊರಟ ಮಗಳದು.

"ಉಡಿ ಮುತ್ತೈದಿಗಿ ಬೇ ಯವ್ವಾ. ಇವ್ರದು ಲಗ್ನ ಆಗೇತೇನ?"

"ಕೈಬಟ್ಟಿನ್ಯಾಗ ಉಂಗುರ ಕಾಣಂಗಿಲ್ಲೇನ? ದೇವ್ರನ್ನ ಮಾಡ್ಕೊಂಡಾಳ. ನನ್ನ ಗಂಡ ಸತ್ತ, ಈಕಿ ಗಂಡ ಸಾಯಂಗಿಲ್ಲ. ಈಕಿಗಿಂತ ಮುತ್ತೈದಿ ಯಾರದಾರ?"

"ಒಮ್ಮೆ ಸತ್ತಿದ್ದ ಅವ್ವಾ, ಹೊಳ್ಳಿ ಎದ್ದ ಬಂದ" ಎಂದರು ಸಿಸ್ಟರ್. ನಮ್ಮ ಮನೆಯಲ್ಲಿ ಅವರು ಮಾಡಿದ ಧರ್ಮಪ್ರಚಾರ ಅಷ್ಟೇ.

ನಿಲುವಂಗಿಗೆ ಸೆರಗೆಲ್ಲಿ? ಗೆದ್ದೆ ಅಂದುಕೊಂಡೆ. ಅವ್ವ ತನ್ನ ಸೆರಗನ್ನೇ ಬಿಚ್ಚಿ ಸಿಸ್ಟರ ಕೈಗೆ ಹಿಡಿಸಿದಳು. ಗಂಡ ಸತ್ತವಳು ತಾನಾಗಿ ತುಂಬುವಂತಿಲ್ಲ. "ನೀ ತುಂಬ ಬೇ" ಎಂದು ನನ್ನನ್ನು ಕರೆದಳು. ಅವ್ವನ ಸೆರಗಿಗೆ ನನ್ನ ಕೈಯಿಂದಲೇ ಅಕ್ಕಿ ಬಿತ್ತು, ಬೇರೊಬ್ಬಳಿಗಾಗಿ. ಯಾರೂ ಹೇಳದಿದ್ದರೂ ಸಿಸ್ಟರ್ ಅದರಲ್ಲೊಂದು ಹಿಡಿ ತೆಗೆದು, ತವರು ಬರಿದಾಗದಿರಲೆಂದು ನಮ್ಮ ಹೆಣ್ಣುಮಕ್ಕಳು ಹಾಕುವ ಹಾಗೆ, ಹೊಳ್ಳಿ ತಾಟಿಗೆ ಹಾಕಿದರು.

ಅವ್ವ ತೀರಿಕೊಂಡಾಗ ಸಿಸ್ಟರಿಗೆ ಬರಲಾಗಲಿಲ್ಲ. ಈಗಲೂ ನನಗೆ ಫೋನ್ ಮಾಡುತ್ತಾರೆ. ಮೊನ್ನೆ ಮಾತಿನ ನಡುವೆ ಪಕ್ಕದಲ್ಲಿದ್ದ ಯಾರನ್ನೋ ಗದರಿದರು: "ಬಾಯಿ ತಗಿ ಬೇ, ನಾಟಕ ಮಾಡಬ್ಯಾಡ. ಇದೊಂದ ತುತ್ತ!"

ಥೇಟ್ ಅವ್ವ.

"ಯಾರಿಗ್ರಿ ಅದು?"

"ಇಲ್ಲೊಬ್ಬಾಕಿ ಅಜ್ಜಿಗಿ, ಅಕ್ಕಾ. ಜರ್ಮನ್‌ದಾಗ ಹೇಳಿದ್ರ ಉಣ್ಣಂಗಿಲ್ಲ. ಹಿಂಗ ಬೈದ್ರ ನಕ್ಕೊಂತ ಉಣ್ತಾಳ. ಫೋನ್ ಇಡ್ತೀನಿ ಹಂಗಾರ."

"ಇಡಬ್ಯಾಡ್ರಿ. ಉಣಿಸ್ರಿ ನೀವು. ನಾ ಕೇಳ್ಕೊಂತ ಕುಂದರ್ತೀನಿ."

ಮುಖ ಕಾಣದ ಆ ಅಜ್ಜಿ ಇನ್ನೊಂದು ತುತ್ತಿಗೆ ಇನ್ನೊಂದು ಬೈಗುಳ ತಿಂದಳು. ಪುಣ್ಯವಂತೆ. ನನ್ನ ಹೊಟ್ಟೆಯೊಳಗೆ ಮತ್ತೆ ಅದೇ ಚುರ್.