ಹಾಸ್ಯದ ಹಿತ್ತಲಲ್ಲಿ ಕಲಿತ ಇಂಗ್ಲಿಷು

ಅರವತ್ತು ದಾಟಿದವನು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಕುಳಿತರೆ ಜನ ಅದನ್ನು ಶ್ರವಣಯಂತ್ರವೆಂದೇ ತಿಳಿಯುತ್ತಾರೆ. ಸವಣೂರಿನಿಂದ ಶಿಗ್ಗಾವಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರು ನನ್ನ ಬಳಿ ಬಂದಾಗ ಮಾತ್ರ ದನಿ ಏರಿಸಿ, "ಅಜ್ಜಾರ, ಎಲ್ಲಿಗ್ರಿ?" ಎಂದು ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸುತ್ತಿದ್ದ. ಅವನ ಕರುಣೆಯನ್ನು ನಾನು ತಿದ್ದಲಿಲ್ಲ. ಈ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದೇನೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಕಿವುಡನೆನಿಸಿಕೊಳ್ಳುವುದೇ ಹೆಚ್ಚು ಗೌರವಯುತವಾಗಿ ಕಂಡಿತು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸವಣೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿ, ಕೊನೆಗೆ ಹೆಡ್‌ಮಾಸ್ತರನೂ ಆಗಿ ನಿವೃತ್ತನಾದವನು ನಾನು. ಮನೆಯಲ್ಲಿ ಕುಳಿತು ಬೇಸರ ಬಂದು ಶಿಗ್ಗಾವಿಯ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯೊಂದಕ್ಕೆ ಸೇರಿದೆ. ಅಲ್ಲಿಯೂ ಕಲಿಸಬೇಕಾದದ್ದು ಕನ್ನಡವನ್ನೇ. ಆದರೆ ತರಗತಿಯ ಹೊರಗೆ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ನಿಯಮ. ಒಳಗೆ ಸಂಧಿ ಸಮಾಸಗಳನ್ನು ಬಿಡಿಸಿ ಹೇಳಿ ಹೊರಗೆ ಬಂದೊಡನೆ ಕುಡಿಯುವ ನೀರನ್ನೂ ಪರಭಾಷೆಯಲ್ಲೇ ಬೇಡಬೇಕು. ಮೊದಲ ತಿಂಗಳು ನಾನು ಬಾಯಾರಿಕೆಯನ್ನೇ ತಡೆದುಕೊಂಡೆ.

ನನ್ನ ಪಾಡು ನೋಡಿ ಕನಿಕರಪಟ್ಟವಳು ಅಲ್ಲಿನ ಇಂಗ್ಲಿಷ್ ಶಿಕ್ಷಕಿ, ಬಂಕಾಪುರದ ಶಾಹೀನ್. "ಸರ್, ಗ್ರಾಮರ್ ಪುಸ್ತಕ ಮುಚ್ಚಿಡ್ರಿ. ಮಂದಿ ಮಾತಾಡೂದು ಕೇಳ್ರಿ, ತಾನ ಬರ್ತದ," ಎಂದು ನನ್ನ ಮೊಬೈಲಿಗೆ ಒಂದು ಕಾರ್ಯಕ್ರಮ ಹಾಕಿಕೊಟ್ಟಳು. ಪರದೇಶದ ಹಳೆಯ ಟಿವಿ ಹಾಸ್ಯ ಧಾರಾವಾಹಿಯೊಂದರಲ್ಲಿ ನಟಿಸಿದವರು, ಅದನ್ನು ಬರೆದವರು, ಈಗ ವಯಸ್ಸಾದ ಮೇಲೆ ಒಟ್ಟಿಗೆ ಕುಳಿತು ಒಂದೊಂದು ಕಂತನ್ನೂ ಹೇಗೆ ಮಾಡಿದೆವೆಂದು ತೆರೆಮರೆಯ ಕಥೆ ಹರಟುವ ಕಾರ್ಯಕ್ರಮ. ಧಾರಾವಾಹಿಯನ್ನು ನಾನು ನೋಡಿಯೇ ಇಲ್ಲ. ಊಟ ಮಾಡದೆ ಅಡುಗೆಮನೆಯ ಮಾತಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ವಿದ್ಯೆ ಅದು. ಆದರೂ ಅವರು ಅವಸರವಿಲ್ಲದೆ, ಒಬ್ಬರ ಮಾತನ್ನೊಬ್ಬರು ತಿದ್ದುತ್ತ, ಹೇಳಿದ್ದನ್ನೇ ಹೇಳುತ್ತ ಇದ್ದುದರಿಂದ ನನ್ನಂಥ ಮಂದಮತಿಗೂ ಮೂರನೆಯ ಸಲಕ್ಕೆ ಅರ್ಥವಾಗುತ್ತಿತ್ತು.

ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪದಗಳನ್ನು ಬರೆದುಕೊಳ್ಳತೊಡಗಿದೆ. ಡೆಡ್‌ಪ್ಯಾನ್ ಎಂಬುದಕ್ಕೆ ಮೊದಲು 'ಸತ್ತ ಬಾಣಲೆ' ಎಂದು ಬರೆದು, ಆಮೇಲೆ 'ತಾನು ನಗದೆ ಪರರನ್ನು ನಗಿಸುವ ಮುಖ' ಎಂದು ತಿದ್ದಿದೆ. ಲಾಫ್ ಟ್ರ್ಯಾಕ್ ಎಂದರೆ ನಗೆಯ ರೈಲುಹಳಿಯಲ್ಲ, ಯಾರೋ ಎಂದೋ ನಕ್ಕದ್ದನ್ನು ತುಂಬಿಟ್ಟುಕೊಂಡು ಬೇಕಾದಲ್ಲಿ ಅಂಟಿಸುವುದು ಎಂದು ತಿಳಿದಾಗ, ನಾನು ಕಂಡ ಅನೇಕ ಸನ್ಮಾನ ಸಮಾರಂಭಗಳ ರಹಸ್ಯವೂ ಬಯಲಾದಂತಾಯಿತು. ತೊಂದರೆಯೆಂದರೆ ನನ್ನ ಇಂಗ್ಲಿಷೆಲ್ಲ ಸ್ಟುಡಿಯೋದ ಇಂಗ್ಲಿಷಾಗಿ ಬೆಳೆಯಿತು. ನಟನಿಗೆ ಮಾತು ಶುರುಮಾಡೆಂದು ಕೊಡುವ ಸನ್ನೆಗೆ ಕ್ಯೂ ಎನ್ನುತ್ತಾರೆ. ತಡವಾಗಿ ಬಂದ ಹುಡುಗನಿಗೆ ನಿನ್ನ ಕ್ಯೂ ತಪ್ಪಿತು ಎಂದರೆ ಅವನು ಸಾಲು ಎಲ್ಲಿದೆಯೆಂದು ಹಿಂದೆ ತಿರುಗಿ ನೋಡಿದ. ತಿದ್ದಿದ ಉತ್ತರಪತ್ರಿಕೆಗಳು ಇನ್ನೂ ಯಾಕೆ ಬಂದಿಲ್ಲವೆಂದು ಪ್ರಿನ್ಸಿಪಾಲ್ ಮೇಡಂ ಮೀಟಿಂಗಿನಲ್ಲಿ ಕೇಳಿದಾಗ, "ಮೇಡಂ, ಪೋಸ್ಟ್ ಪ್ರೊಡಕ್ಷನ್ ಈಸ್ ಗೋಯಿಂಗ್ ಆನ್," ಎಂದು ಚಿತ್ರೀಕರಣ ಮುಗಿದ ಮೇಲಿನ ಕೆಲಸದ ಹೆಸರನ್ನೇ ಹೇಳಿಬಿಟ್ಟೆ. ಎಲ್ಲರೂ ನಕ್ಕರು. ಒಬ್ಬ ತರುಣ ಶಿಕ್ಷಕ ಅದನ್ನು ನನ್ನ ಉಚ್ಚಾರದಲ್ಲೇ ಅನುಕರಿಸಿ ಹೇಳಿದ, ಮತ್ತೆ ನಕ್ಕರು. ನಾನೂ ನಕ್ಕೆ. ಮೇಡಂ ಮೆಚ್ಚಿಕೊಂಡು, "ಸರ್, ಯು ಆರ್ ಎ ಗುಡ್ ಸ್ಪೋರ್ಟ್," ಎಂದರು. ಹೊಗಳಿಕೆಯಿರಬೇಕೆಂದು ಅದನ್ನೂ ಬರೆದುಕೊಂಡೆ: ಒಳ್ಳೆಯ ಆಟಗಾರ.

ಹದಿನೈದು ದಿನದ ಮೇಲೆ ಅದೇ ಮಾತು ಇಯರ್‌ಫೋನಿನಲ್ಲಿ ಬಂತು. ಆ ಧಾರಾವಾಹಿಯಲ್ಲಿ ದಪ್ಪ ಹೆಂಗಸಿನ ಪಾತ್ರ ಮಾಡಿದ್ದ ನಟಿ ಮಾತಾಡುತ್ತಿದ್ದಳು. ಏಳು ವರ್ಷ ತನ್ನ ದಪ್ಪ ಮೈಯನ್ನೇ ಹಿಡಿದು ನಗೆಮಾತು ಬರೆದರು, ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದೆ, ಅದಕ್ಕೆ ಎಲ್ಲರೂ ತನ್ನನ್ನು ಗುಡ್ ಸ್ಪೋರ್ಟ್ ಎನ್ನುತ್ತಿದ್ದರು ಎಂದಳು. ನಾನು ಬರೆದುಕೊಂಡ ಅರ್ಥ ಅಲ್ಲಿಗೆ ಹೊಂದಲಿಲ್ಲ. ಶಾಲೆಗೆ ಹೋದವನೇ ಶಾಹೀನಳನ್ನು ಕೇಳಿದೆ.

ಅವಳು ಸಂಕೋಚದಿಂದಲೇ ಹೇಳಿದಳು: "ಆಟಗಾರ ಅಲ್ರಿ ಸರ್. ಮಂದಿ ಯಾರನ್ನ ನೋಡಿ ನಗ್ತಾರಲ್ರಿ, ಅವರೂ ಸಿಟ್ಟಾಗದ ಕೂಡಿ ನಗಬೇಕು. ಅಂಥವರಿಗೆ ಹಂಗ ಅಂತಾರ್ರಿ. ಅವರು ನಕ್ರ ಉಳಿದವರಿಗೆ ಆರಾಮ ಆಗ್ತದ."

ಆಗ ನನಗೆ ನೆನಪಾದದ್ದು ಮೀಟಿಂಗಿನಲ್ಲಿ ನಗುತ್ತಿದ್ದ ನನ್ನ ಮುಖವಲ್ಲ, ನಿಂಗಪ್ಪ ಮಾಸ್ತರರ ಮುಖ.

ಅವರು ಸವಣೂರಿನ ಶಾಲೆಯಲ್ಲಿ ನನ್ನ ಜೊತೆ ಗಣಿತ ಕಲಿಸುತ್ತಿದ್ದವರು. ಮಾತಿನಲ್ಲಿ ಉಗ್ಗು. ತ್ರಿಕೋನ ಎನ್ನುವಾಗ 'ತ್ರಿ'ಯಲ್ಲೇ ನಾಲ್ಕೈದು ಸಲ ತಡೆದು ನಿಲ್ಲುತ್ತಿದ್ದರು. ನಾನೋ ಸ್ಟಾಫ್ ರೂಮಿನ ಆಸ್ಥಾನ ವಿದೂಷಕ. ಗ್ಯಾದರಿಂಗ್ ಎಂದು ನಮ್ಮ ಕಡೆ ಕರೆಯುವ ಶಾಲಾ ವಾರ್ಷಿಕೋತ್ಸವದಲ್ಲಿ ಪ್ರತಿವರ್ಷ ಅವರ ಅನುಕರಣೆ ಮಾಡುತ್ತಿದ್ದೆ. ಸೀಮೆಸುಣ್ಣ ಹಿಡಿದು ನಿಂತು, 'ತ್ರಿ, ತ್ರಿ' ಎಂಬುದನ್ನು 'ತ್ರಿಣ್ ತ್ರಿಣ್' ಎಂದು ಸೈಕಲ್ ಬೆಲ್ ಮಾಡಿ, ಹ್ಯಾಂಡಲ್ ಹಿಡಿದವನಂತೆ ವೇದಿಕೆಯನ್ನೆಲ್ಲ ಸುತ್ತುತ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ವೇದಿಕೆಯ ಮೇಲೆ ಕುರ್ಚಿಯಲ್ಲಿ ಕುಳಿತ ಮಾಸ್ತರರೂ ನಗುತ್ತಿದ್ದರು. ಆ ನಗುವೇ ನನಗೆ ಪರವಾನಗಿ. ಮುಂದೆ ಹೆಡ್‌ಮಾಸ್ತರ ಹುದ್ದೆ ಅವರ ಪಾಳಿಗೆ ಬಂದಾಗ, ದಿನವೂ ಪ್ರಾರ್ಥನೆಯ ವೇಳೆ ಮಕ್ಕಳೆದುರು ಮಾತಾಡಬೇಕಲ್ಲ, ಬೇಡವೆಂದು ಬರೆದುಕೊಟ್ಟರು. ಅದರ ಮೇಲೂ ನಾನೊಂದು ಚಟಾಕಿ ಹಾರಿಸಿದೆ. ಸೇವಾ ಹಿರಿತನದಲ್ಲಿ ಅವರ ನಂತರದವನು ನಾನು. ಅವರು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕುಳಿತೇ ನಿವೃತ್ತನಾದೆ.

ಆ ರವಿವಾರ ಹತ್ತಿಮತ್ತೂರಿಗೆ ಹೋದೆ. ಮಾಸ್ತರರು ಈಗ ಅಲ್ಲಿ ಮಗಳು ರತ್ನಾಳ ಮನೆಯಲ್ಲಿದ್ದಾರೆ. ನನ್ನನ್ನು ಕಂಡೊಡನೆ ಎದ್ದು ನಿಂತು ನಕ್ಕರು. "ಬರ್ರಿ, ಕುಂತ್ರಿ" ಎನ್ನಲು ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಅಕ್ಷರಗಳಲ್ಲಿ ತೋರಿಸುವುದಿಲ್ಲ. ಆ ಕೆಲಸವನ್ನು ನಾನು ಬೇಕಾದಷ್ಟು ಮಾಡಿಯಾಗಿದೆ.

"ಮಾಸ್ತರ, ಗ್ಯಾದರಿಂಗಿನ್ಯಾಗ ನಾ ಮಾಡತಿದ್ದದ್ದು ತಪ್ಪಾತ್ರಿ. ಅದನ್ನ ಹೇಳಾಕ ಬಂದೇನಿ," ಎಂದೆ.

ಅವರು ಕೈ ಬೀಸಿ ಇನ್ನೊಮ್ಮೆ ನಕ್ಕರು. "ಬಿಡ್ರಿ, ನಗಿ ಚಾಷ್ಟಿ ಅದು. ಮಕ್ಕಳು ನಗತಿದ್ರು."

ಅಷ್ಟೇ. ಚಹಾ ಕುಡಿದೆವು, ಗೋವಿನಜೋಳದ ಮಾತಾಡಿದೆವು. ಎದ್ದು ಬರುವಾಗ ಮೈ ಹಗುರಾಗಿತ್ತು. ಕ್ಷಮೆ ಕೇಳುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಬರಬಹುದಿತ್ತಲ್ಲ ಎಂದುಕೊಂಡೆ.

ಬಸ್ಸಿನ ತನಕ ಬರುತ್ತೇನೆಂದು ರತ್ನಾ ಜೊತೆಗೆ ಹೊರಟಳು. ನಮ್ಮದೇ ಶಾಲೆಯಲ್ಲಿ ಓದಿದವಳು, ಈಗ ಅಂಗನವಾಡಿ ಶಿಕ್ಷಕಿ. ಓಣಿಯ ತಿರುವು ದಾಟಿದ ಮೇಲೆ ನನ್ನ ಕಡೆ ನೋಡದೆ ಮಾತು ತೆಗೆದಳು.

"ಸರ್, ನಾನು ಎಂಟನೇ ಕ್ಲಾಸಿನ್ಯಾಗ ಇದ್ದಾಗ ನೀವು ಆ ಸೈಕಲ್ ಮಾಡಿದ್ರಿ. ನಾನು ಮುಂದಿನ ಸಾಲಿನ್ಯಾಗ ಕುಂತಿದ್ದೆ."

"ನಿನಗ ಭಾಳ ತ್ರಾಸ ಆಗಿರಬೇಕವ್ವ."

"ಇಲ್ರಿ. ಎಲ್ಲಾರೂ ನಕ್ರು, ನಾನೂ ನಕ್ಕೆ. ಭಾಳ ನಕ್ಕೆ. ಅಪ್ಪ ಮ್ಯಾಲಿಂದ ನನ್ನ ನೋಡಿದ. ಅದಕ್ಕಿಂತ ಮದಲ ದಿನಾ ಸಂಜಿಕೆ ನನಗ ಕತಿ ಹೇಳತಿದ್ದ. ಮನ್ಯಾಗ ಅಂವಗ ಅಷ್ಟು ಉಗ್ಗು ಬರತಿದ್ದಿಲ್ರಿ. ಅವತ್ತಿನಿಂದ ನನ್ನ ಮುಂದ ಮಾತ ಬಿಟ್ಟ. ಈಗೂ ಏನರ ಬೇಕಾದ್ರ ಹಾಳಿ ಮ್ಯಾಲ ಬರದು ಕೊಡತಾನ."

ಬಸ್ಸು ದೂರದಲ್ಲಿ ಕಾಣಿಸಿತು. ಏನಾದರೂ ಹೇಳಬೇಕಲ್ಲ ಎಂದು, ಇನ್ನೊಮ್ಮೆ ಬಿಡುವು ಮಾಡಿಕೊಂಡು ಬರುತ್ತೇನೆ, ಮಾಸ್ತರರ ಜೊತೆ ಸರಿಯಾಗಿ ಕುಳಿತು ಮಾತಾಡುತ್ತೇನೆ ಎಂದೆ.

"ಬ್ಯಾಡ್ರಿ ಸರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮಗುವಿಗೆ ಬಿಸಿ ಪಾತ್ರೆ ಮುಟ್ಟಬೇಡವೆನ್ನುವಷ್ಟು ಸಹಜವಾಗಿ ಹೇಳಿದಳು. "ನೀವು ಬಂದ್ರ ಅಪ್ಪ ಮತ್ತ ನಗಬೇಕಾಗ್ತದ."

ಆಮೇಲೆ ನಾನು ಹತ್ತಿಮತ್ತೂರಿಗೆ ಹೋಗಿಲ್ಲ. ಅವರಿಗಾಗಿ ನಾನು ಮಾಡಬಹುದಾದದ್ದು ಅದೊಂದೇ ಉಳಿದಿದೆ.