ಹುಣಸೇಹಣ್ಣಿಗೆ ಸವೆದ ನಂಬರು

"ನಿಮ್ಮ ಗಾಡಿಗೆ ನಂಬರೇ ಇಲ್ವಲ್ಲ ಯಜಮಾನ್ರೇ" ಎಂದು ಆರ್‌ಟಿಒ ಇನ್‌ಸ್ಪೆಕ್ಟರು ಹೇಳಿದಾಗ ನಮ್ಮ ದೊಡ್ಡಪ್ಪ ಬಂಪರಿನ ಮೇಲಿದ್ದ ನಂಬರ್ ಪ್ಲೇಟನ್ನು ಪಟಪಟ ಬಡಿದು ತೋರಿಸಿದರು. "ಇದೇನ್ ಸಾ ಮತ್ತೆ? ಕಣ್ ಕಾಣಲ್ವಾ?" ಪಕ್ಕದಲ್ಲಿ ನಿಂತಿದ್ದ ನನಗೆ ಅಲ್ಲಿಂದ ಮಾಯವಾದರೆ ಸಾಕು ಅನ್ನಿಸಿತು. ಪುಣ್ಯಕ್ಕೆ ಇನ್‌ಸ್ಪೆಕ್ಟರು ಸಮಾಧಾನದ ಮನುಷ್ಯ. "ಅದಲ್ಲ, ಚಾಸಿಸ್ ನಂಬರು. ಕಾರ್ಖಾನೇಲಿ ಗಾಡಿ ಮೈಮೇಲೆ ಕುಟ್ಟಿರ್ತಾರಲ್ಲ, ಅದು. ನಿಮ್ಮ ಆರ್‌ಸಿ ಪುಸ್ತಕದಲ್ಲಿದೆ, ಗಾಡಿ ಮೇಲಿಲ್ಲ. ಎರಡೂ ತಾಳೆ ಆಗದೆ ನಾನು ರಿನ್ಯೂ ಮಾಡೋಕಾಗಲ್ಲ" ಎಂದು ಬಿಡಿಸಿ ಹೇಳಿದರು.

ದೊಡ್ಡಪ್ಪ ಎಂದರೆ ನನ್ನ ಅಪ್ಪನ ಅಣ್ಣ. ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ದ್ರಾಕ್ಷಿ ಬೆಳೆದವರು. ಬೆಳೆ ಕೈಹಿಡಿದ ಕಾಲದಲ್ಲಿ ಊರಿನ ಉಳಿದವರು ಟ್ರ್ಯಾಕ್ಟರ್ ತಂದರೆ ಇವರು ಇಟಲಿಯ ಸ್ಪೋರ್ಟ್ಸ್ ಕಾರು ತಂದರು. ದೇಶ ಬಿಟ್ಟು ಹೊರಟಿದ್ದ ಯಾರೋ ಎಸ್ಟೇಟ್ ಮಾಲೀಕರದಂತೆ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮುಂದೆ ಎರಡು ಉಬ್ಬುಗಣ್ಣು. ಊರವರು ಅದನ್ನು ಕಪ್ಪೆ ಕಾರು ಅನ್ನುತ್ತಿದ್ದರು, ದೊಡ್ಡಪ್ಪನ ಕಿವಿಗೆ ಬೀಳದಂತೆ. ತೋಟ ಲೇಔಟ್ ಆದ ಮೇಲೆ ಕಾರು ಹಿತ್ತಲಿನ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ನಿದ್ದೆ ಹೊಡೆಯಿತು. ಏರ್‌ಪೋರ್ಟ್ ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಸಮಯದಲ್ಲಿ ಒಂದು ದಿನ ದೊಡ್ಡಪ್ಪನಿಗೆ ಏನು ಹೊಳೆಯಿತೋ, ಬ್ಯಾಟರಾಯನಪುರದಿಂದ ಮೆಕ್ಯಾನಿಕ್ಕನ್ನು ಕರೆಸಿ ರಿಪೇರಿಗೆ ಕೂತರು. ಎಂಜಿನ್ ಎದ್ದ ದಿನ ಇಡೀ ಬೀದಿಗೆ ಜಿಲೇಬಿ ಹಂಚಿದರು. ಇನ್ನು ಆರ್‌ಸಿ ರಿನ್ಯೂ ಆದರೆ ರಸ್ತೆಗಿಳಿಯುವುದೊಂದೇ ಬಾಕಿ.

ನನ್ನನ್ನು ಕರೆದುಕೊಂಡು ಹೋದದ್ದಕ್ಕೂ ಕಾರಣವಿತ್ತು. ನಾನು ಆರ್.ಟಿ. ನಗರದ ಒಂದು ಇನ್ಶೂರೆನ್ಸ್ ಕಚೇರಿಯ ಕ್ಲೇಮ್ ವಿಭಾಗದಲ್ಲಿದ್ದೆ. ಜಖಂ ಆದ ಗಾಡಿಗಳ ಚಾಸಿಸ್ ನಂಬರು ನೋಡುವುದೇ ನನ್ನ ಅನ್ನ. ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿದರೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಅದಕ್ಕೆ ಪೆನ್ಸಿಲ್ ಪ್ರಿಂಟ್ ಅನ್ನುತ್ತೇವೆ. ಇನ್‌ಸ್ಪೆಕ್ಟರು ಹೇಳಿದ್ದನ್ನು ನಂಬದೆ ನಾನೇ ಬಾನೆಟ್ ಎತ್ತಿಸಿ ನೋಡಿದೆ. ನಂಬರು ಕುಟ್ಟಿರಬೇಕಾದ ಕಂಪನಿಯ ತಗಡು ಇತ್ತು. ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ಕುಂಕುಮದ ಬೊಟ್ಟು, ಮೂರು ಗೆರೆ ವಿಭೂತಿ, ಬೊಟ್ಟಿನ ಕೆಳಗೆ ನನ್ನದೇ ಮೂಗು. ಅಂಕಿ ಮಾತ್ರ ಒಂದೂ ಇರಲಿಲ್ಲ. ಕಾಗದ ಇಟ್ಟು ಉಜ್ಜಿದೆ, ಕಾಗದ ಕಪ್ಪಾಯಿತು, ಅಷ್ಟೆ.

ಮನೆಗೆ ಬಂದು ವಿಷಯ ಹೇಳಿದಾಗ ದೊಡ್ಡಮ್ಮ ಹೆಮ್ಮೆಯಿಂದ ಮುಂದೆ ಬಂದಳು. "ಒಳೀತೈತೆ ಅಲ್ವಾ? ನಾನೇ ಉಜ್ಜೋದು. ಆಯುಧ ಪೂಜೆ ದಿನ ದೇವರ ಸಾಮಾನ್ ಜೊತೇಲೇ ಉಣಸೇಹಣ್ಣು, ಬೂದಿ ಆಕಿ ತಿಕ್ತೀನಿ. ಒಂದ್ ವರ್ಷಾನೂ ತಪ್ಪಿಸಿಲ್ಲ." ಹೌದು, ತಪ್ಪಿಸಿರಲಿಲ್ಲ. ಕಾರು ಶೆಡ್ಡಿನಲ್ಲಿ ಮಲಗಿದ್ದ ವರ್ಷಗಳಲ್ಲೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಕಂಚಿನ ದೀಪ, ತಾಮ್ರದ ಚೊಂಬು ತಿಕ್ಕಿದ ಹಾಗೆ ಆ ತಗಡನ್ನೂ ತಿಕ್ಕಿ ತಿಕ್ಕಿ, ಇಟಲಿಯ ಕಾರ್ಖಾನೆಯವರು ಒತ್ತಿ ಕಳಿಸಿದ್ದನ್ನೆಲ್ಲ ಒರೆಸಿ ಹಾಕಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಪ್ಪನ ಮುಖ ನೋಡಿದ ಮೇಲೆ ತಡೆದುಕೊಂಡೆ.

ದೊಡ್ಡಪ್ಪನಿಗೆ ಕೋಪ ಮೂಗಿನ ತುದಿಯಲ್ಲಿ. ಆದರೆ ಆ ದಿನ ಕೂಗಾಡಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾದದ್ದು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಆ ನಂಬರ್ ಸಿಕ್ಕೋಗಂಟ ಇವಳತ್ರ ನನಗೆ ಮಾತಿಲ್ಲ" ಎಂದು ನನಗೆ ಹೇಳಿ ಹೊರಗೆ ಹೋದರು. ಸಂಜೆಗೆ ಸರಿಹೋಗುತ್ತಾರೆ ಅಂದುಕೊಂಡೆ. ಸರಿಹೋಗಲಿಲ್ಲ. ಮಾರನೆಯ ವಾರ ಹೋದಾಗ ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂತು ಮೊಮ್ಮಗಳ ಮೂಲಕ ಕಾಫಿ ತರಿಸಿಕೊಳ್ಳುತ್ತಿದ್ದರು. ಮಗ, ಸೊಸೆ ಮಹಡಿಯಿಂದ ಇಳಿದು ಬಂದು ಬುದ್ಧಿ ಹೇಳಿ ಸೋತಿದ್ದರು. ಇನ್‌ಸ್ಪೆಕ್ಟರೇನೋ ಒಂದು ದಾರಿ ಹೇಳಿದ್ದರು, ಅರ್ಜಿ ಕೊಟ್ಟು ಅನುಮತಿ ಪಡೆದು ಅದೇ ನಂಬರನ್ನು ಹೊಸದಾಗಿ ಕುಟ್ಟಿಸಬಹುದು. ದೊಡ್ಡಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಉಟ್ಟಿದಾಗ ಬರೆದಿದ್ದು ಬೇಕು. ಈಗ ಕುಟ್ಟಿದ್ದಲ್ಲ."

ದೊಡ್ಡಮ್ಮ ಮೇಲುನೋಟಕ್ಕೆ ಏನೂ ಆಗದವಳ ಹಾಗಿದ್ದಳು. ನಾನು ಹೊರಡುವಾಗ ಗೇಟಿನ ತನಕ ಬಂದು ಮಾತ್ರ ಮೆಲ್ಲಗೆ, "ಆ ನಂಬರ್ ಎಲ್ಲಾರ ಉಡುಕಿ ಕೊಡವ್ವ. ಈ ವಯಸ್ನಾಗೆ ಮಾತಿಲ್ದೆ ಒಂದ್ ಮನೇಲಿ ಇರಕಾಗಲ್ಲ" ಅಂದಳು. ಅವಳ ಕಣ್ಣು ತುಂಬಿತ್ತು. ಆಗ ನನಗೆ ದೊಡ್ಡಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಆ ಕಪ್ಪೆಯನ್ನು ನಾನೇ ಗುಜರಿಗೆ ಹಾಕಿ ಬರುತ್ತಿದ್ದೆ. ಹಾಗೆ ಮಾಡಲಾಗದೆ ಹುಡುಕಲು ಕೂತೆ.

ಇಂಟರ್ನೆಟ್ಟಿನಲ್ಲಿ ತಡಕಾಡಿದಾಗ ಗೊತ್ತಾಯಿತು, ಇಟಲಿಯಲ್ಲಿ ಇಂಥ ಕಾರುಗಳ ಹುಚ್ಚಿನವರದೇ ಒಂದು ಸಂಘವಿದೆ. ಕಾರ್ಖಾನೆಯಿಂದ ಯಾವ ಚಾಸಿಸ್‌ಗೆ ಯಾವ ಎಂಜಿನ್ ಹೋಯಿತು, ಯಾವ ಬಣ್ಣ ಬಳಿದರು, ಯಾವ ದೇಶಕ್ಕೆ ಕಳಿಸಿದರು ಎಂಬ ತಯಾರಿಕೆಯ ದಾಖಲೆಗಳ ಪ್ರತಿ ಅವರ ಹತ್ತಿರ ಇದೆ. ಆರ್‌ಸಿ ಪುಸ್ತಕದ ನಂಬರು ಕೊಟ್ಟು ನನ್ನ ಇಂಗ್ಲಿಷಿನಲ್ಲಿ ಬರೆದೆ. ತಗಡು ಬಿಟ್ಟು ಬೇರೆಲ್ಲಾದರೂ ನಂಬರು ಇರುತ್ತದೆಯೇ ಎಂದು ಕೇಳಿದೆ. ಉತ್ತರವಿಲ್ಲ. ಮತ್ತೆ ಬರೆದೆ. ಆಗಸ್ಟ್ ತಿಂಗಳಿಡೀ ಅವರಿಗೆ ರಜವಂತೆ, ಇಡೀ ದೇಶ ಬಾಗಿಲು ಹಾಕಿಕೊಂಡು ಸಮುದ್ರಕ್ಕೆ ಹೋಗುತ್ತದಂತೆ. ಅವರ ರಜ ಮುಗಿದು ಉತ್ತರ ಬರುವಷ್ಟರಲ್ಲಿ ನಮ್ಮ ದಸರಾ ಬಂತು. ಆ ವರ್ಷ ಆಯುಧ ಪೂಜೆಗೆ ದೊಡ್ಡಮ್ಮ ಕಾರಿನ ಹತ್ತಿರವೇ ಸುಳಿಯಲಿಲ್ಲ. ಕುಂಬಳಕಾಯಿಯನ್ನು ಮಗನೇ ಒಡೆದ.

ಉತ್ತರ ಬರೆದವರು ಒಬ್ಬ ಹೆಂಗಸು. ಇಟಾಲಿಯನ್ನಿನಲ್ಲೇ ಬರೆಯುತ್ತಿದ್ದರು, ಅದನ್ನು ಕಂಪ್ಯೂಟರು ಇಂಗ್ಲಿಷಿಗೆ ತಿರುಗಿಸಿದರೆ ಅರ್ಧ ಅಡುಗೆ ಪುಸ್ತಕದ ಹಾಗೆ ಕಾಣುತ್ತಿತ್ತು. ಮೊದಲು ತಗಡಿನ ಫೋಟೋ ಕಳಿಸಿ ಅಂದರು. ಕಳಿಸಿದೆ. ಆ ಕೆಂಪು ಗುರುತು ಯಾವ ಇಲಾಖೆಯ ಮುದ್ರೆ ಎಂದು ಕೇಳಿದರು! ನಾನು ಕುಂಕುಮ, ವಿಭೂತಿ, ಆಯುಧ ಪೂಜೆ, ಹುಣಸೇಹಣ್ಣು ಎಲ್ಲವನ್ನೂ ವಿವರಿಸಿ, ಮಾತು ಬಿಟ್ಟ ಗಂಡ ಹೆಂಡತಿಯ ಕಥೆಯನ್ನೂ ಸೇರಿಸಿ ಉದ್ದಕ್ಕೆ ಬರೆದೆ. ಅದಕ್ಕೆ ಬಂದ ಉತ್ತರ ಬಹಳ ಚಿಕ್ಕದು. ನಮ್ಮಲ್ಲೂ ಪಾಲಿಶ್ ಹಾಕಿ ಉಜ್ಜಿ ನಂಬರು ಅಳಿಸಿದವರು ಬೇಕಾದಷ್ಟಿದ್ದಾರೆ, ನಿಮ್ಮ ದೊಡ್ಡಮ್ಮನಿಗೆ ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ, ಅಂತ. ಅದನ್ನು ಓದಿ ಹೇಳಿದಾಗ ದೊಡ್ಡಮ್ಮ ತಿಂಗಳುಗಳ ನಂತರ ನಕ್ಕಳು. "ಅವಳಿಗೆ ಒಂದ್ ಡಬ್ಬ ಕಜ್ಜಾಯ ಕಳ್ಸಕ್ಕಾಗ್ತದಾ?" ಎಂದು ಕೇಳಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ದಾಖಲೆ ಸಿಕ್ಕಿತು. ನಮ್ಮ ಚಾಸಿಸ್ ನಂಬರಿನ ಮುಂದೆ ಎಂಜಿನ್ ನಂಬರು, ಅದು ನಮ್ಮ ಎಂಜಿನ್ನಿನದೇ. ಬಲಗಡೆ ಸ್ಟೀರಿಂಗು. ಹಡಗಿನಲ್ಲಿ ಬೊಂಬಾಯಿಗೆ. ಎರಡು ಸೀಟು. ಕೊನೆಗೆ ಆಕೆ ತಮ್ಮ ಕಡೆಯಿಂದ ಒಂದು ಮಾತು ಸೇರಿಸಿದ್ದರು. ಆ ಸರಣಿಯ ಬಲಗಡೆ ಸ್ಟೀರಿಂಗಿನ ಕಾರುಗಳಿಗೆ ಇನ್ನೊಂದು ಕಡೆಯೂ ನಂಬರು ಕುಟ್ಟುತ್ತಿದ್ದರು, ಎಡಗಡೆಯ ನೆಲದ ತಗಡಿನ ಮೇಲೆ, ಪಕ್ಕದಲ್ಲಿ ಕೂತವರು ಕಾಲಿಡುವ ಜಾಗದಲ್ಲಿ. ಹೆಚ್ಚಿನ ಕಾರುಗಳಲ್ಲಿ ಕಾಲು ಉಜ್ಜಿ ಉಜ್ಜಿ ಅದು ಸವೆದಿರುತ್ತದೆ, ಬಹಳ ಆಸೆ ಇಟ್ಟುಕೊಳ್ಳಬೇಡಿ, ಆದರೂ ನೋಡಿ.

ನನ್ನನ್ನು ತಡೆದು ನಿಲ್ಲಿಸಿದ್ದು ಎರಡು ಸೀಟು ಎಂಬ ಮಾತು. ನಮ್ಮ ಕಾರಿಗಿದ್ದದ್ದು ಒಂದೇ ಸೀಟು. ಚಿಕ್ಕಂದಿನಿಂದ ನೋಡಿದ್ದೂ ಅದನ್ನೇ. ಒಂದು ಸೀಟು, ಪಕ್ಕದಲ್ಲಿ ಮರದ ಹಲಗೆ. ಇಟಲಿಯವರು ಹಾಗೇ ಮಾಡುತ್ತಾರೇನೋ ಅಂದುಕೊಂಡಿದ್ದೆ. ಆ ಭಾನುವಾರ ಕೊಡಿಗೇಹಳ್ಳಿಗೆ ಹೋಗಿ ಕೇಳಿದಾಗ ದೊಡ್ಡಪ್ಪ ಏನೂ ವಿಶೇಷವಿಲ್ಲ ಎನ್ನುವ ಹಾಗೆ ಹೇಳಿದರು. "ಇತ್ತು. ಗಾಡಿ ತಂದ ವಾರಾನೇ ಬಿಚ್ಚಿ ಅಟ್ಟಕ್ಕೆ ಆಕ್ದೆ. ದ್ರಾಕ್ಷಿ ಕ್ರೇಟ್ ಇಡಾಕೆ ಜಾಗ ಬೇಕಿತ್ತಲ್ಲ."

ಹಲಗೆಯ ಮೊಳೆಗಳು ತುಕ್ಕು ಹಿಡಿದಿದ್ದವು. ಮೆಕ್ಯಾನಿಕ್ಕು ಕಿತ್ತು ಎತ್ತಿದ. ಕೆಳಗೆ ಹಳೆಯ ಗೋಣಿ, ಅದರ ಕೆಳಗೆ ದಪ್ಪನೆಯ ದೂಳು. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದ. ನಾನು ಮೊಣಕಾಲೂರಿ ತಲೆ ಒಳಗೆ ಹಾಕಿದೆ. ನಂಬರಿತ್ತು. ಸವೆದಿರುವುದಿರಲಿ, ಒಂದು ಗೀರೂ ಇರಲಿಲ್ಲ. ನಿನ್ನೆ ಕುಟ್ಟಿದಂತಿತ್ತು. ನನ್ನ ಕೆಲಸದಲ್ಲಿ ಅಷ್ಟು ಚೊಕ್ಕವಾದ ಪೆನ್ಸಿಲ್ ಪ್ರಿಂಟ್ ನಾನು ತೆಗೆದದ್ದೇ ಇಲ್ಲ. ದೊಡ್ಡಪ್ಪ ಆರ್‌ಸಿ ಪುಸ್ತಕ ಹಿಡಿದು ಒಂದೊಂದೇ ಅಂಕಿ ಓದಿದರು, ನಾನು ಕಾಗದ ನೋಡಿ ಹೂಂ ಅಂದೆ. ಕೊನೆಯ ಅಂಕಿಗೆ ಇಬ್ಬರೂ ಕೂಗಿಕೊಂಡೆವು.

ದೊಡ್ಡಪ್ಪ ಆಣೆ ತೀರಿದ ಸಂತೋಷದಲ್ಲಿ ಮನೆಯ ಕಡೆ ತಿರುಗಿ, "ಏನೇ, ಸಿಕ್ತು ಕಣೇ! ಬಾ ಇಲ್ಲಿ!" ಎಂದು ಗಟ್ಟಿಯಾಗಿ ಕರೆದರು. ದೊಡ್ಡಮ್ಮ ಆಗಲೇ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಗ್ಗಿ ನೋಡಿದಳು. "ಇದ್ಯಾಕೆ ಇಷ್ಟು ಚೆನ್ನಾಗೈತೆ?" ಎಂದು ನನ್ನನ್ನು ಕೇಳಿದಳು. ಪಕ್ಕದ ಸೀಟಿನವರು ಕಾಲಿಡುವ ಜಾಗ ಅದು ದೊಡ್ಡಮ್ಮ, ಬೇರೆ ಕಾರುಗಳಲ್ಲಿ ಸವೆದುಹೋಗಿರುತ್ತದಂತೆ, ಅಂದೆ.

ಅವಳು ನೆಟ್ಟಗೆ ನಿಂತು ಸೆರಗು ಕೊಡವಿಕೊಂಡಳು. "ಯಾರಾನಾ ಕೂತಿದ್ರೆ ತಾನೇ ಸವೆಯೋದು" ಎಂದು ಹೇಳಿ ಮನೆಯೊಳಗೆ ಹೋದಳು.

ಆಮೇಲೆ ಮಾತು ಬಿಟ್ಟವಳು ದೊಡ್ಡಮ್ಮ. ಇನ್‌ಸ್ಪೆಕ್ಟರು ನಂಬರು ನೋಡಿ ಖುಷಿಯಿಂದ ರಿನ್ಯೂ ಮಾಡಿಕೊಟ್ಟರು, ಆಗಲೂ ಮಾತಿಲ್ಲ. ದೊಡ್ಡಪ್ಪ ಯಲಹಂಕದಿಂದ ಬೆಣ್ಣೆ ಬಿಸ್ಕತ್ತು ತಂದು ಎದುರಿಗಿಟ್ಟರೂ ಇಲ್ಲ. ಒಂದು ಮಧ್ಯಾಹ್ನ ನನ್ನ ಕಚೇರಿಗೇ ಫೋನ್ ಮಾಡಿದರು. "ನಿಮ್ ದೊಡ್ಡಮ್ಮಂಗೆ ಏನಾಗೈತೆ ಕೇಳು ಮಗಾ. ನಂಬರ್ ಸಿಕ್ತಲ್ಲ, ಇನ್ನೇನಂತೆ?" ನನಗೆ ರೇಗಿಹೋಯಿತು. ಎದುರಿಗೆ ಕ್ಲೇಮಿಗೆ ಬಂದವರು ಕೂತಿದ್ದಾರೆಂಬ ಪರಿವೆಯೂ ಇಲ್ಲದೆ ಹೇಳಿಬಿಟ್ಟೆ. "ದೊಡ್ಡಪ್ಪ, ಅವಳು ಉಜ್ಜಿದ್ದಕ್ಕೆ ನಂಬರು ಹೋಯ್ತು ಅಂತ ಇಷ್ಟು ತಿಂಗಳು ಮುಖ ತಿರುಗಿಸಿದ್ರಿ. ಅವಳನ್ನ ಒಂದು ಸಲಾನೂ ಕೂರಿಸದೆ ಇದ್ದಿದ್ದಕ್ಕೆ ನಂಬರು ಉಳೀತು. ಹುಣಸಮಾರನಹಳ್ಳಿಗೆ ತವರಿಗೆ ಹೋಗುವಾಗೆಲ್ಲ ಮಗೂನ ಕಂಕುಳಲ್ಲಿ ಇಟ್ಕೊಂಡು ಬಸ್ಸಲ್ಲಿ ನಿಂತ್ಕೊಂಡು ಹೋಗ್ತಿದ್ಲು, ಗೊತ್ತಾ ನಿಮಗೆ?" ಅತಿಯಾಯಿತೇನೋ ಎಂದು ನನಗೂ ಕಸಿವಿಸಿಯಾಯಿತು. ದೊಡ್ಡಪ್ಪ "ಆಯ್ತು ಇಡು" ಅಂದರು.

ಅವರ ಮಗ ಹೇಳಿದ್ದು, ಆ ಸಂಜೆಯೇ ಏಣಿ ಹಾಕಿ ತಾವೇ ಅಟ್ಟ ಹತ್ತಿದರಂತೆ, ಯಾರನ್ನೂ ಹತ್ತಗೊಡದೆ. ಸೀಟಿನ ಹೊಟ್ಟೆಯಲ್ಲಿ ಇಲಿಗಳು ಸಂಸಾರ ಹೂಡಿದ್ದವು, ಸ್ಪ್ರಿಂಗು ಗಟ್ಟಿಯಾಗಿತ್ತು. ಯಶವಂತಪುರದಲ್ಲಿ ಸೀಟು ಹೊಲಿಯುವವರ ಹತ್ತಿರ ಕೊಂಡೊಯ್ದು, ಬಣ್ಣ ಆರಿಸಲು ರೆಕ್ಸಿನ್ ತುಂಡುಗಳನ್ನು ಮನೆಗೆ ತಂದು ದೊಡ್ಡಮ್ಮನ ಮುಂದೆ ಹರಡಿದರಂತೆ. ಅವಳು ಮಾತಾಡದೆ ಒಂದನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದಳಂತೆ.

ಯುಗಾದಿ ಕಳೆದ ಒಂದು ಬೆಳಿಗ್ಗೆ ನನಗೂ ಬುಲಾವ್ ಬಂತು. ಕಾರು ಅಂಗಳದಲ್ಲಿ ನಿಂತಿತ್ತು, ಎರಡು ಸೀಟಿನ ಕಾರು. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಎಡಗಡೆಯ ಬಾಗಿಲು ತೆಗೆದು ಹಿಡಿದುಕೊಂಡು, ಎಲ್ಲಿ ನೋಡಬೇಕೆಂದು ಗೊತ್ತಾಗದವರಂತೆ ತೆಂಗಿನಮರ ನೋಡುತ್ತಿದ್ದರು. "ನಂದೇ ತಪ್ಪು ಕಣೇ. ಬಾ, ಕೂತ್ಕೋ" ಅಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ದೊಡ್ಡಮ್ಮ ಉಟ್ಟದ್ದು ಮದುವೆ ಮುಂಜಿಗೆ ಎತ್ತಿಡುವ ರೇಷ್ಮೆ ಸೀರೆ. ನೆರಿಗೆ ಎತ್ತಿ ಹಿಡಿದು, ಅಷ್ಟು ತಗ್ಗಿನ ಕಾರಿಗೆ ಇಳಿಯುವುದು ಹೇಗೆಂದು ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಕೂತಳು. ಕೈಯನ್ನು ರೆಕ್ಸಿನ್ನಿನ ಮೇಲೆ ಒಮ್ಮೆ ಆಡಿಸಿದಳು. ನಾನು ಬಾಗಿಲು ಹಾಕಿದೆ.

ಕಾರು ಗೇಟು ದಾಟುವಷ್ಟರಲ್ಲಿ ನನಗೆ ಕಂಡಿತು. ಅವಳು ಕಾರು ಹತ್ತಿದ ಜಾಗದಲ್ಲಿ ಅವಳ ಚಪ್ಪಲಿ ಜೋಡಿ ಹಾಗೇ ಬಿದ್ದಿತ್ತು. "ದೊಡ್ಡಪ್ಪ, ನಿಲ್ಸಿ! ಚಪ್ಪಲಿ!" ಎಂದು ಕೂಗಿಕೊಂಡು ಎತ್ತಿಕೊಂಡು ಓಡಿದೆ. ದೊಡ್ಡಪ್ಪ ಗಕ್ಕನೆ ಬ್ರೇಕ್ ಹಾಕಿ, "ಅಯ್ಯೋ, ಬರಿಗಾಲಲ್ಲೇ ಅತ್ತಿದೀಯಲ್ಲೇ" ಅಂದರು.

ದೊಡ್ಡಮ್ಮ ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. "ಇರ್ಲಿ ಬಿಡಿ, ನಡೀರಿ. ನಾನೇನ್ ಈಗ ಇಳಿಯಲ್ಲ."